ಹಗ್ಗ ಹಿಡಿಯುವವರು

ನನಗೂ ವೇಗಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ನನ್ನ ಸ್ಕೂಟರಿನ ಮುಳ್ಳು ಮೂವತ್ತನ್ನು ದಾಟಿದರೆ ನನ್ನ ಎದೆಯ ಬಡಿತ ನೂರನ್ನು ದಾಟುತ್ತದೆ. ಸೈಕಲ್ಲಿನ ಮೇಲೆ ಕಾಲೇಜಿಗೆ ಬರುವ ಹುಡುಗರು ನನ್ನನ್ನು ಹಿಂದೆ ಹಾಕಿ, ಕತ್ತು ತಿರುಗಿಸಿ, ನಿಧಾನವಾಗಿ "ನಮಸ್ಕಾರ ಸಾರ್" ಎಂದು ಹೇಳಿ ಮುಂದೆ ಹೋಗುವಷ್ಟು ಪುರುಸೊತ್ತು ಅವರಿಗೆ ಸಿಗುತ್ತದೆ. ಇಂಥವನು ಮೋಟಾರು ಓಟದ ವಿಚಾರ ಬರೆಯಲು ಹೊರಟರೆ ಓದುಗರು ನಗಬಹುದು. ನಗಲಿ. ತಪ್ಪು ನನ್ನದಲ್ಲ, ನನ್ನ ಮಗನದು. ಭಾನುವಾರ ಬಂತೆಂದರೆ ನಮ್ಮ ಮನೆಯ ನಡುಮನೆಯಲ್ಲಿ ಕಾರುಗಳೆಲ್ಲ ಒಟ್ಟಿಗೆ ಕೂಗುತ್ತವೆ. ಮೊದಮೊದಲು ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂರುತ್ತಿದ್ದೆ. ಆಮೇಲೆ ಪತ್ರಿಕೆಯ ಮೇಲಂಚಿನಿಂದ ಇಣುಕಲು ತೊಡಗಿದೆ. ಈಗ ಪತ್ರಿಕೆ ಮಡಿಲಿನಲ್ಲೇ ಇರುತ್ತದೆ.

2025ರ ಮಾರ್ಚ್ 16ರ ಭಾನುವಾರದ ಮಾತು. ಬೆಳಿಗ್ಗೆ ಒಂಬತ್ತೂವರೆ. ನಮ್ಮಲ್ಲಿ ದೋಸೆಯ ಕಾವಲಿ ಒಲೆಯ ಮೇಲೇರಿತ್ತು. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಮಳೆ ಸುರಿಯುತ್ತಿತ್ತು. ಆ ವರ್ಷದ ಫಾರ್ಮುಲಾ ವನ್ ಓಟಗಳಲ್ಲಿ ಅದೇ ಮೊದಲನೆಯದು. ಹೊಸಬರೂ ಹೆಚ್ಚುಕಡಿಮೆ ಹೊಸಬರೂ ಸೇರಿ ಆರು ಹುಡುಗರು ಆ ದಿನ ಸಾಲಿನಲ್ಲಿ ನಿಂತಿದ್ದರು. ಓಟ ಶುರುವಾಗುವ ಮುಂಚೆ ಎಲ್ಲರೂ ನಿಧಾನವಾಗಿ ಒಂದು ಸುತ್ತು ಹಾಕಿಬರುವ ಪದ್ಧತಿಯುಂಟು. ಆ ಸುತ್ತಿನಲ್ಲೇ ಇಸಾಕ್ ಹಜಾರ್ ಎಂಬ ಫ್ರಾನ್ಸಿನ ಹುಡುಗ ಜಾರಿ ಗೋಡೆಗೆ ಹೊಡೆದ. ಬಾಳಿನ ಮೊದಲನೆಯ ಓಟ ಮೊದಲಾಗುವ ಮೊದಲೇ ಮುಗಿದುಹೋಯಿತು. ಅವನು ಅಳುತ್ತ ನಡೆದುಬರುತ್ತಿದ್ದಾಗ ಹಿರಿಯರೊಬ್ಬರು ಎದುರಿಗೆ ಬಂದು ಅವನನ್ನು ಅಪ್ಪಿಕೊಂಡರು. ಅವರು ಆಂಥೊನಿ ಹ್ಯಾಮಿಲ್ಟನ್. ಏಳು ಬಾರಿ ವಿಶ್ವವಿಜೇತನಾದ ಲೂಯಿಸ್ ಹ್ಯಾಮಿಲ್ಟನ್ನನ ತಂದೆ. ಮಗನನ್ನು ಓಡಿಸಲಿಕ್ಕಾಗಿ ಒಂದು ಕಾಲದಲ್ಲಿ ಎರಡು ಮೂರು ಕೆಲಸಗಳನ್ನು ಒಟ್ಟಿಗೆ ಮಾಡಿದವರು. ತನ್ನ ಮಗನಲ್ಲದ, ತನ್ನ ತಂಡದವನೂ ಅಲ್ಲದ ಹುಡುಗನ ಹೆಗಲ ಮೇಲೆ ಕೈಯಿಟ್ಟು ಅವರು ನಡೆದದ್ದನ್ನು ನೋಡಿ ನನ್ನ ಹೆಂಡತಿ ದೋಸೆಯ ಸಟ್ಟುಗ ಹಿಡಿದುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟಳು. ಒಂದು ದೋಸೆ ಸೀದುಹೋಯಿತು.

ಆ ಆರು ಮಂದಿಯಲ್ಲಿ ನಾಲ್ವರು ಅಂದು ಕಾರನ್ನು ಗೋಡೆಗೆ ಕೊಟ್ಟರು. ಹಳೆ ಹುಲಿಗಳೂ ಇಬ್ಬರು ಕೊಟ್ಟರೆನ್ನಿ, ಮಳೆ ಹಾಗಿತ್ತು. ಆದರೆ ಕೀಮಿ ಆಂಟೊನೆಲ್ಲಿ ಎಂಬ ಇಟಲಿಯ ಹುಡುಗನೊಬ್ಬ ಹದಿನಾರನೆಯ ಸ್ಥಾನದಿಂದ ಹೊರಟವನು ನಾಲ್ಕನೆಯವನಾಗಿ ಬಂದ. ವಯಸ್ಸು 18. ನನ್ನ ಮೊದಲನೆಯ ವರ್ಷದ ಪದವಿ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಆಕಳಿಸುವವರ ವಯಸ್ಸು. ಊರ ರಸ್ತೆಯಲ್ಲಿ ಕಾರು ಬಿಡುವ ಲೈಸೆನ್ಸು ಅವನ ಕೈಗೆ ಬಂದು ಇನ್ನೂ ಕೆಲವೇ ವಾರಗಳಾಗಿದ್ದುವು.

"ಹುಟ್ಟುಗುಣ ಅಂದರೆ ಇದು" ಎಂದೆ ನಾನು. ಮೇಷ್ಟರಿಗೆ ಒಂದು ಮಾತಿನಲ್ಲಿ ನಿಲ್ಲಿಸುವ ಅಭ್ಯಾಸವಿಲ್ಲ. "ನೀರಿಗೆ ತಳ್ಳಬೇಕು ಕಣೋ. ಈಜುವವನು ಈಜುತ್ತಾನೆ, ಮುಳುಗುವವನು ಮುಳುಗುತ್ತಾನೆ. ನಾನು ಈಜು ಕಲಿತದ್ದು ಹೇಗೆ? ನಮ್ಮ ಸೋದರಮಾವ ಒಂದು ದಿನ ತೋಟದ ಬಾವಿಗೆ ತಳ್ಳಿಬಿಟ್ಟರು. ಅಷ್ಟೇ. ಕೈಕಾಲು ಬಡಿದೆ, ಬಂತು."

ಈ ಕಥೆಯನ್ನು ನಾನು ಸುಮಾರು ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಮದುವೆಮನೆಗಳಲ್ಲಿ ಹೇಳಿದ್ದೇನೆ, ತರಗತಿಯಲ್ಲಿ ಹೇಳಿದ್ದೇನೆ, ಒಂದೆರಡು ಸನ್ಮಾನದ ಭಾಷಣಗಳಲ್ಲೂ ಹೇಳಿದ್ದೇನೆ. ಯಾರೂ ಎದುರು ಹೇಳಿದ್ದಿಲ್ಲ. ಅಂದು ಮೂಲೆಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ನಮ್ಮ ತಾಯಿ ತಲೆ ಎತ್ತಿದರು.

"ಏನು ಸುಳ್ಳು ಹೇಳ್ತೀಯೋ! ನನ್ನ ತಮ್ಮ ನಿನ್ನನ್ನ ಸುಮ್ಮನೆ ತಳ್ಳಿದನೇ? ಬೆನ್ನಿಗೆ ಎರಡು ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಎಂಟು ದಿನ ಮೆಟ್ಟಿಲ ಮೇಲೆ ನಿಂತಿದ್ದ. ಮೂರು ದಿನ ಬರೀ ಕಲ್ಲು ಹಿಡಿಸಿ ಕಾಲು ಬಡಿಸಿದ. ಆಮೇಲೆ ಒಂದು ಬುರುಡೆ ಬಿಚ್ಚಿದ. ನೀನು ಮುಳುಗಿದಾಗಲೆಲ್ಲ ಎಳೆದು ಎಳೆದು ಅವನ ಅಂಗೈ ಬೊಬ್ಬೆ ಎದ್ದಿತ್ತು. ನಾನೇ ಹರಳೆಣ್ಣೆ ಹಚ್ಚಿದ್ದೆ. ನಿನಗೆ ನೀರು ಜ್ಞಾಪಕ ಇದೆ, ಹಗ್ಗ ಮರೆತುಹೋಗಿದೆ."

ಮನೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ನಗು ಸರಿಯಾಗಿ ಬರಲಿಲ್ಲ. ಅದರ ಕಾರಣ ಮುಂದೆ ಹೇಳುತ್ತೇನೆ.

ಅಜ್ಜಿಯ ಮಾತಿನಿಂದ ಧೈರ್ಯ ಬಂದು ಮಗ ಪಾಠಕ್ಕೆ ಕೂತ. "ಅಪ್ಪ, ಈ ಹುಡುಗನನ್ನೂ ಯಾರೂ ಸುಮ್ಮನೆ ತಳ್ಳಿಲ್ಲ. ಇವನ ಹಗ್ಗ ಎಷ್ಟು ಉದ್ದ ಗೊತ್ತೇ?" ಎಂದ. ಅವನು ಹೇಳಿದ್ದನ್ನೂ ಆಮೇಲೆ ನಾನು ಹುಡುಕಿ ಓದಿದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ಮರ್ಸಿಡಿಸ್ ತಂಡದವರು ಈ ಹುಡುಗನನ್ನು ಅವನಿನ್ನೂ ಮಕ್ಕಳ ಕಾರ್ಟುಗಳನ್ನು ಓಡಿಸುತ್ತಿದ್ದಾಗಲೇ ಗುರುತಿಸಿ ತಮ್ಮವನನ್ನಾಗಿ ಮಾಡಿಕೊಂಡಿದ್ದರು. 2024ರ ಏಪ್ರಿಲಿನಿಂದ ಅವನನ್ನು ದೊಡ್ಡ ಕಾರಿನಲ್ಲಿ ಕೂರಿಸತೊಡಗಿದರು. ಆ ವರ್ಷದ ಕಾರಿನಲ್ಲಲ್ಲ, ಹಳೆಯ ಕಾರಿನಲ್ಲಿ. ಮೊದಲ ಸಲ ಆಸ್ಟ್ರಿಯದ ಓಟದ ಹಾದಿಯಲ್ಲಿ ಅವನಿಗೆ ಕೊಟ್ಟದ್ದು 2021ರ ಕಾರು. ಹಳೆಯ ಕಾರೇ ಏಕೆ? ಅದಕ್ಕೊಂದು ಕಾನೂನಿನ ಕಥೆಯಿದೆ. ಹಿಂದೆ ತಂಡಗಳು ಓಟವಿಲ್ಲದ ದಿನಗಳಲ್ಲಿ ಮನಸ್ಸಿಗೆ ಬಂದಷ್ಟು ಕಾರು ಓಡಿಸಿ ಪರೀಕ್ಷೆ ಮಾಡಬಹುದಾಗಿತ್ತು. ಫೆರಾರಿಯವರಂತೂ ಫಿಯೊರಾನೊ ಎಂಬಲ್ಲಿ 1972ರಲ್ಲೇ ಸ್ವಂತ ಹಾದಿ ಕಟ್ಟಿಕೊಂಡಿದ್ದರು. ಮನೆಯ ಹಿತ್ತಿಲಿನಲ್ಲಿ ಬಾವಿಯಿದ್ದಂತೆ. ಖರ್ಚು ಮುಗಿಲು ಮುಟ್ಟಿತೆಂದು 2009ರಿಂದ ಓಟಗಳ ಋತುವಿನ ನಡುವೆ ಹೀಗೆ ಪರೀಕ್ಷೆ ಓಡಿಸುವುದನ್ನು ನಿಲ್ಲಿಸಿದರು. 2025ರಲ್ಲಿ ಹೊಸ ಕಾರನ್ನು ಓಟಕ್ಕೆ ಮುಂಚೆ ಎಲ್ಲರೂ ಸೇರಿ ಪರೀಕ್ಷಿಸಲು ಸಿಕ್ಕಿದ್ದು ಬಹರೈನಿನಲ್ಲಿ ಮೂರೇ ದಿನ. ತಂಡಕ್ಕೆ ಒಂದೇ ಕಾರು, ಚಾಲಕರು ಇಬ್ಬರು. ಅಂದರೆ ತಲೆಗೆ ಒಂದೂವರೆ ದಿನ. ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯುವುದು ಸೋಮಾರಿತನದಿಂದ. ಇಲ್ಲಿ ಕಾನೂನೇ ಹಾಗೆ.

ಆದರೆ ಹಳೆಯ ಕಾರನ್ನು ಬೇರೆಯಾಗಿ ಓಡಿಸಿ ಕಲಿಸಲು ಅವಕಾಶವಿದೆ. ಹಣವಿದ್ದ ತಂಡಗಳು ಹೊಸಬರನ್ನು ತಯಾರು ಮಾಡುವುದು ಈ ಕಿಂಡಿಯಿಂದಲೇ. ಫಾರ್ಮುಲಾ ವನ್ ಓಡಿಸುವ ಪರವಾನಗಿಗೂ ನಿಯಮಗಳುಂಟು: ಸಾಮಾನ್ಯವಾಗಿ 18 ತುಂಬಿರಬೇಕು, ಕೆಳಗಿನ ದರ್ಜೆಯ ಓಟಗಳಲ್ಲಿ ಮೂರು ವರ್ಷದೊಳಗೆ 40 ಅಂಕ ಗಳಿಸಿರಬೇಕು, ಅಂಥ ಕಾರಿನಲ್ಲಿ ಓಟದ ವೇಗದಲ್ಲಿ 300 ಕಿಲೋಮೀಟರು ಓಡಿಸಿರಬೇಕು, ನಿಯಮಗಳ ಮೇಲೆ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. 2015ರಲ್ಲಿ ಮ್ಯಾಕ್ಸ್ ವರ್ಸ್ಟಾಪನ್ 17ನೆಯ ವಯಸ್ಸಿನಲ್ಲೇ ಓಟಕ್ಕಿಳಿದಾಗ ಹಿರಿಯರು ಹೌಹಾರಿ ಬಿಗಿಗೊಳಿಸಿದ ನಿಯಮಗಳು ಇವು. ಆ ಹುಡುಗ ಮುಂದೆ ನಾಲ್ಕು ಬಾರಿ ವಿಶ್ವವಿಜೇತನಾದ ಎಂಬುದು ಬೇರೆ ಮಾತು. ಕಾನೂನು ಸಾಮಾನ್ಯರಿಗಾಗಿ ಇರುವುದು.

ಪರೀಕ್ಷೆಯ ಓಟವೆಂದರೆ ಸುಮ್ಮನೆ ಸುತ್ತುವುದೆಂದು ನಾನು ತಿಳಿದಿದ್ದೆ. ಹಾಗಲ್ಲ. ಬೆಳಿಗ್ಗೆಯೇ ಒಂದು ಪಟ್ಟಿ ಇರುತ್ತದೆ: ಈಗ ಇಷ್ಟು ಸುತ್ತು, ಈ ಟೈರು, ಇಷ್ಟು ಎಣ್ಣೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ಯಾರಿಗೂ ತಿಳಿಯುವುದಿಲ್ಲ. ಹುಡುಗ ಹಿಂದಿರುಗಿದ ಕೂಡಲೇ ಇಂಜಿನಿಯರು ಕೇಳುತ್ತಾನೆ: ತಿರುವಿನ ಬಾಯಲ್ಲಿ ಕಾರು ಮೂತಿ ತಿರುಗಿಸಲು ಹಟ ಮಾಡಿತೇ? ನಟ್ಟನಡುವೆ ತೇಲಿತೇ? ಹೊರಗೆ ಬರುವಾಗ ಬಾಲ ಬೀಸಿತೇ? ಇದನ್ನು ಸರಿಯಾಗಿ ಹೇಳಲು ಬರುವುದೇ ಒಂದು ವಿದ್ಯೆ. ವೇಗವಾಗಿ ಓಡಿಸಿ "ಏನೋ ಸರಿಯಿಲ್ಲ" ಎನ್ನುವವನಿಂದ ಇಂಜಿನಿಯರಿಗೆ ಪ್ರಯೋಜನವಿಲ್ಲ. ಹೇಳುವುದನ್ನು ಕಲಿಯಬೇಕಾದರೆ ಗಮನಿಸುವುದನ್ನು ಕಲಿಯಬೇಕು. ಅದು ಓಟದ ದಿನ ಕಲಿಯುವುದಲ್ಲ.

ಆಮೇಲೆ ಗೆರೆಗಳ ಪಾಠ. ಕಾರಿನೊಳಗಿನ ಯಂತ್ರಗಳು ಪ್ರತಿಯೊಂದು ಗಳಿಗೆಯನ್ನೂ ಬರೆದಿಟ್ಟಿರುತ್ತವೆ: ಎಲ್ಲಿ ಬ್ರೇಕು ಒತ್ತಿದ, ಎಷ್ಟು ಒತ್ತಿದ, ಯಾವಾಗ ಬಿಟ್ಟ, ಸ್ಟಿಯರಿಂಗು ಎಷ್ಟು ತಿರುಗಿಸಿದ. ಹುಡುಗನ ಗೆರೆಯ ಮೇಲೆ ನುರಿತ ಚಾಲಕನ ಗೆರೆಯನ್ನಿಟ್ಟು ತೋರಿಸುತ್ತಾರೆ. ಎರಡೂ ಕೂಡುವಲ್ಲಿ ಮಾತಿಲ್ಲ, ಅಗಲುವಲ್ಲಿ ಪಾಠ. ನುರಿತವನು ಬ್ರೇಕು ಒತ್ತುವುದರಲ್ಲಿ ಮಾತ್ರವಲ್ಲ, ಅದನ್ನು ಬಿಡುವುದರಲ್ಲಿ ಗಟ್ಟಿಗ ಎಂದು ಮಗ ಹೇಳಿದಾಗ ನನಗೆ ಸಂಗೀತದ ಮೇಷ್ಟರ ನೆನಪಾಯಿತು. ಅವರೂ ಸ್ವರ ಹಿಡಿಯುವುದಕ್ಕಿಂತ ಬಿಡುವುದಕ್ಕೇ ಹೆಚ್ಚು ಬಯ್ಯುತ್ತಿದ್ದರು. ಸರಳೆ, ಜಂಟಿವರಸೆ ಎಲ್ಲ ವಿದ್ಯೆಯಲ್ಲೂ ಇವೆ. ನ್ಯೂಜಿಲೆಂಡಿನ ರಾಬ್ ವಿಲ್ಸನ್ ಎಂಬ ಗುರು ಇಂಗ್ಲೆಂಡಿನ ಬ್ರಂಟಿಂಗ್‌ಥಾರ್ಪ್ ಎಂಬ ಹಳೆಯ ವಿಮಾನದ ಬಯಲಿನಲ್ಲಿ ಫಾರ್ಮುಲಾ ವನ್ನಿನ ಹೆಸರಾಂತ ಚಾಲಕರಿಗೂ ಪಾಠ ಹೇಳುತ್ತಿದ್ದರು. ಯಾವ ಕಾರಿನಲ್ಲಿ? ಸಂಸಾರಸ್ಥರು ಸಂತೆಗೆ ಹೋಗುವಂಥ ವಾಕ್ಸ್‌ಹಾಲ್ ಕಾರಿನಲ್ಲಿ. ಪಕ್ಕದ ಸೀಟಿನಲ್ಲಿ ಕೂತು, ಕಾರಿನ ಭಾರ ಬ್ರೇಕು ಒತ್ತಿದಾಗ ಮುಂದಕ್ಕೆ, ತಿರುಗಿಸಿದಾಗ ಪಕ್ಕಕ್ಕೆ ಹೇಗೆ ಸರಿಯುತ್ತದೆ, ಅದನ್ನು ಗಾಬರಿಪಡಿಸದೆ ಸರಿಸುವುದು ಹೇಗೆ ಎಂದು ಕಲಿಸುವುದು ಅವರ ಕ್ರಮ. ಭಾರ ಸರಿಸುವುದು ಬಂದರೆ ವೇಗ ತಾನಾಗಿ ಬರುತ್ತದೆ.

ಇಷ್ಟೆಲ್ಲ ಕಲಿಸಿದ ಮೇಲೆ ಆಂಟೊನೆಲ್ಲಿಯನ್ನು 2024ರ ಆಗಸ್ಟ್ 30ರಂದು ಇಟಲಿಯ ಮೊಂಜಾದಲ್ಲಿ, ಅವನ ಊರಿನವರೆಲ್ಲ ನೋಡುತ್ತಿರುವಾಗ, ಶುಕ್ರವಾರದ ಅಭ್ಯಾಸದ ಓಟಕ್ಕೆ ಬಿಟ್ಟರು. ಹತ್ತು ನಿಮಿಷದೊಳಗೆ ಹುಡುಗ ಕಾರನ್ನು ಕೊನೆಯ ದೊಡ್ಡ ತಿರುವಿನ ತಡೆಗೆ ಅಪ್ಪಳಿಸಿದ. ಅದು ಜಾರ್ಜ್ ರಸೆಲ್ಲನಿಂದ ಆ ಹೊತ್ತಿಗೆ ಎರವಲು ಪಡೆದ ಕಾರು! ನಮ್ಮ ಕಡೆಯಾದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ: ವಿಚಾರಣೆ, ವಿವರಣೆ ಕೇಳುವ ಪತ್ರ, "ಮೊದಲೇ ಹೇಳಿದ್ದೆ" ಎನ್ನುವ ಹಿರಿಯರು. ಆ ತಂಡದವರು ಮಾರನೆಯ ದಿನವೇ, 2025ಕ್ಕೆ ಹ್ಯಾಮಿಲ್ಟನ್ನನ ಸ್ಥಾನದಲ್ಲಿ ಓಡಿಸುವವನು ಇವನೇ ಎಂದು ಲೋಕಕ್ಕೆ ಸಾರಿದರು. ಅಷ್ಟೇ ಅಲ್ಲ, ಹ್ಯಾಮಿಲ್ಟನ್ನನ ಆರು ವಿಜಯಗಳಲ್ಲಿ ಅವನ ಕಿವಿಯಲ್ಲಿ ಮಾತಾಡುತ್ತಿದ್ದ ಪೀಟರ್ ಬಾನಿಂಗ್‌ಟನ್ ಎಂಬ ಇಂಜಿನಿಯರನ್ನೇ ಈ ಹುಡುಗನಿಗೂ ಕೊಟ್ಟರು. ಮನೆಯ ಹಿರಿಯ ಎತ್ತಿನ ಜೊತೆಗೆ ಹೋರಿಯನ್ನು ಹೂಡುವುದು ನಮ್ಮ ರೈತರಿಗೂ ಗೊತ್ತಿದ್ದ ನೀತಿ.

ನಾವು ಮೆಲ್ಬರ್ನಿನಲ್ಲಿ ಕಂಡದ್ದು ನಾಲ್ಕನೆಯ ಸ್ಥಾನ. ಹಿಂದಿನ ಒಂದು ವರ್ಷದ ಹಗ್ಗ ಟೀವಿಯಲ್ಲಿ ಕಾಣುವುದಿಲ್ಲ. 2025ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ಮೊನಾಕೊದಲ್ಲಿ ಫಾರ್ಮುಲಾ ಟೂ ದರ್ಜೆಯ ಸಣ್ಣ ಓಟವನ್ನು ಗೆದ್ದಾಗಲೂ ನಾವು ಚಿತ್ರದಲ್ಲಿ ಕಂಡದ್ದು ಬಟ್ಟಲನ್ನೇ.

ಹಗ್ಗವಿಲ್ಲದೆ ಬಾವಿಗಿಳಿದವರೂ ಇದ್ದಾರೆ. 2010ರ ಮಾರ್ಚಿನಲ್ಲಿ ಚೆನ್ನೈನ ಕರುಣ್ ಚಂದೋಕ್ ಬಹರೈನಿನಲ್ಲಿ ತನ್ನ ಮೊದಲ ಫಾರ್ಮುಲಾ ವನ್ ಓಟಕ್ಕೆ ಹೋದ. ನಾರಾಯಣ್ ಕಾರ್ತಿಕೇಯನ್ನನ ನಂತರ ಆ ಮಟ್ಟಕ್ಕೇರಿದ ಎರಡನೆಯ ಭಾರತೀಯ. ಸೇರಿದ್ದು ಹೊಸದಾಗಿ ಹುಟ್ಟಿದ್ದ ಹಿಸ್ಪಾನಿಯಾ ಎಂಬ ತಂಡಕ್ಕೆ. ಅವರ ಕಾರು ಓಟದ ಊರಿಗೆ ಬರುವ ಮುನ್ನ ಒಂದು ದಿನವೂ ಪರೀಕ್ಷೆಗೆ ಓಡಿರಲಿಲ್ಲ. ಶುಕ್ರವಾರದ ಅಭ್ಯಾಸದ ಹೊತ್ತಿಗೆ ಚಂದೋಕನ ಕಾರು ಇನ್ನೂ ಬಿಡಿಬಿಡಿಯಾಗಿತ್ತು. ಶನಿವಾರ ಬೆಳಗಿನ ಅಭ್ಯಾಸಕ್ಕೂ ಆಗಲಿಲ್ಲ. ಮಧ್ಯಾಹ್ನ ಸ್ಥಾನ ನಿಗದಿ ಮಾಡುವ ಓಟಕ್ಕೆ ಅದು ಹೊರಟಾಗ, ಆ ಕಾರಿನ ಚಕ್ರಗಳು ಉರುಳಿದ್ದೇ ಮೊದಲ ಬಾರಿ. ಭಾನುವಾರ ಎರಡನೆಯ ಸುತ್ತಿನಲ್ಲಿ ಕಾರು ನೆಲದ ಉಬ್ಬಿಗೆ ಸಿಕ್ಕಿ ಅವನ ಓಟ ಮುಗಿಯಿತು. ಮರುದಿನ ನೋಡಿದವರು ಏನೆಂದಿರಬೇಕು? "ನಮ್ಮವರಿಂದ ಆಗುವುದಿಲ್ಲ ಬಿಡಿ." ಆದರೆ ಎರಡು ವಾರದ ಮೇಲೆ ಮೆಲ್ಬರ್ನಿನಲ್ಲಿ ಅದೇ ಮನುಷ್ಯ ಅದೇ ಕಾರನ್ನು ಓಟದ ಕೊನೆಯವರೆಗೂ ನಡೆಸಿ 14ನೆಯವನಾಗಿ ತಂದು ನಿಲ್ಲಿಸಿದ. ಎರಡು ವಾರದಲ್ಲಿ ಅವನ ಹುಟ್ಟುಗುಣ ಬದಲಾಯಿತೇ? ಕಾರಿನ ಪರಿಚಯವಾಗಿತ್ತು, ಅಷ್ಟೇ.

ಅನುಭವಿಗೂ ಈ ಮಾತು ಸಲ್ಲುತ್ತದೆ. ಫೆರಾರಿಯಲ್ಲಿ ವರ್ಷಗಟ್ಟಲೆ ಪರೀಕ್ಷೆಯ ಕಾರು ಓಡಿಸಿದ್ದ ಲೂಕಾ ಬಡೋಯೆರ್ ಎಂಬಾತನನ್ನು 2009ರಲ್ಲಿ, ಗಾಯಗೊಂಡ ಫಿಲಿಪೆ ಮಾಸಾನ ಬದಲಿಗೆ, ದಿಢೀರನೆ ಓಟಕ್ಕಿಳಿಸಿದರು. ಅವನು ಕೊನೆಯ ಸಲ ಓಟದಲ್ಲಿ ಓಡಿದ್ದು 1999ರಲ್ಲಿ. ಪರೀಕ್ಷೆ ನಿಷೇಧವಾದ ವರ್ಷ; ಆ ವರ್ಷದ ಕಾರಿನ ಅಭ್ಯಾಸ ಅವನಿಗೆ ಸಾಲದು. ಎರಡು ಓಟಗಳಲ್ಲೂ ಸಾಲಿನ ಕೊನೆಯಿಂದ ಹೊರಟ, ಹಿಂದೆಯೇ ಉಳಿದ. ಜನ ನಕ್ಕರು. ಕಲಿತವನಿಗೂ ನೀರು ಬಿಟ್ಟು ಹತ್ತು ವರ್ಷವಾದರೆ ಮತ್ತೆ ಮೆಟ್ಟಿಲಿನಿಂದಲೇ ಇಳಿಯಬೇಕು.

ಈಗ ನನ್ನ ನಗು ಅರ್ಧಕ್ಕೆ ನಿಂತ ಕಾರಣವನ್ನು ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗಕ್ಕೆ ಒಬ್ಬ ಅತಿಥಿ ಉಪನ್ಯಾಸಕ ಬಂದ. ಎಂ.ಎ.ಯಲ್ಲಿ ಚಿನ್ನದ ಪದಕ. ಹಳಗನ್ನಡವನ್ನು ಎಷ್ಟು ಚೆನ್ನಾಗಿ ಓದುತ್ತಿದ್ದನೆಂದರೆ, ಅಧ್ಯಾಪಕರ ಕೊಠಡಿಯಲ್ಲಿ ಅವನು ಪಂಪನನ್ನು ಓದುತ್ತಿದ್ದರೆ ಅರ್ಥಶಾಸ್ತ್ರದ ಮೇಷ್ಟರೂ ಪತ್ರಿಕೆ ಕೆಳಗಿಡುತ್ತಿದ್ದರು. ಬಂದ ದಿನವೇ ಅವನ ಕೈಗೆ ಒಂದು ಟೈಮ್‌ಟೇಬಲ್ಲು, ಒಂದು ಹಾಜರಿ ಪುಸ್ತಕ ಕೊಟ್ಟೆವು. ಮೊದಲ ಪಾಠವೇ ವಾಣಿಜ್ಯ ವಿಭಾಗದ ಮೊದಲನೆಯ ವರ್ಷದವರಿಗೆ, ಮಧ್ಯಾಹ್ನ ಊಟವಾದ ಮೇಲಿನ ಅವಧಿ, ನೂರಿಪ್ಪತ್ತು ಮಂದಿ. ಆ ತರಗತಿಯನ್ನು ನಾವು ಹಿರಿಯರು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಅದಕ್ಕೇ ಅದು ಅವನಿಗೆ ಸಿಕ್ಕಿತು. ಹೊಸಬನಿಗೆ ಅತ್ಯಂತ ಕಷ್ಟದ ತಿರುವನ್ನೇ ಕೊಡುವುದು ನಮ್ಮಲ್ಲಿ ಎಷ್ಟು ಸಹಜವೆಂದರೆ, ಅದು ತಪ್ಪೆಂದು ನನಗೆ ಹೊಳೆಯಲೂ ಇಲ್ಲ.

ಅವನು ನನ್ನ ಮೇಜಿನ ಬಳಿ ಬಂದು ನಿಂತ. "ಸರ್, ನಾಳೆ ನಿಮ್ಮ ಒಂದು ಕ್ಲಾಸಿಗೆ ಬಂದು ಹಿಂದೆ ಕೂತುಕೊಳ್ಳಲೇ? ನೀವು ಹೇಗೆ ಶುರು ಮಾಡುತ್ತೀರಿ ಎಂದು ನೋಡಬೇಕಿತ್ತು" ಎಂದ.

ನಾನು ದೊಡ್ಡ ಮನುಷ್ಯನಂತೆ ನಕ್ಕೆ. "ಅದೆಲ್ಲ ಬೇಡಪ್ಪ. ನೀರಿಗೆ ಬಿದ್ದರೆ ಈಜು ತಾನಾಗಿ ಬರುತ್ತೆ" ಎಂದೆ. ಎಂದು, ತೋಟದ ಬಾವಿಯ ಕಥೆಯನ್ನೂ ಹೇಳಿದೆ.

ಮೊದಲನೆಯ ದಿನ ಅವನು ಹಳಗನ್ನಡದ ಪದ್ಯವನ್ನು ರಾಗವಾಗಿ ಓದಿದಾಗ ಹಿಂದಿನ ಬೆಂಚಿನವರು ಸಿಳ್ಳೆ ಹಾಕಿದರು. ಎರಡನೆಯ ದಿನ ಅವನು ಧ್ವನಿ ಏರಿಸಿದ, ಅವರೂ ಏರಿಸಿದರು. ಗೋಡೆಯಾಚೆ ಪಾಠ ಹೇಳುತ್ತಿದ್ದ ನನಗೆ ಎಲ್ಲವೂ ಕೇಳುತ್ತಿತ್ತು. ನಾನು ಒಮ್ಮೆ ಎದ್ದು ಹೋಗಿ ಬಾಗಿಲಲ್ಲಿ ನಿಂತಿದ್ದರೆ ಸಾಕಾಗಿತ್ತು. ಆ ಮೇಲೆ ಚಹಾ ಕುಡಿಯುತ್ತ, ಗದ್ದಲದ ತರಗತಿಯಲ್ಲಿ ಧ್ವನಿ ತಗ್ಗಿಸಬೇಕು, ಏರಿಸಬಾರದು ಎಂಬ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಅದನ್ನು ಕಲಿಯಲು ನನಗೆ ನಾಲ್ಕು ವರ್ಷ ಹಿಡಿದಿತ್ತು. ಹೇಳಲು ನಾಲ್ಕು ನಿಮಿಷ ಸಾಕು. ನಾನು ಹೇಳಲಿಲ್ಲ. ಮೂರು ವಾರದ ಮೇಲೆ ಅವನು ಬರುವುದನ್ನು ನಿಲ್ಲಿಸಿದ. "ಈಗಿನ ಹುಡುಗರಿಗೆ ಗಟ್ಟಿತನವಿಲ್ಲ" ಎಂದು ಅಧ್ಯಾಪಕರ ಕೊಠಡಿಯಲ್ಲಿ ಯಾರೋ ಅಂದರು. ಯಾರೋ ಏಕೆ, ನಾನೇ ಅಂದೆ.

ಆಮೇಲೊಮ್ಮೆ ಮೊಬೈಲು ರಿಪೇರಿಗೆಂದು ಒಂದು ದೊಡ್ಡ ಅಂಗಡಿಗೆ ಹೋದಾಗ ಕೌಂಟರಿನ ಹಿಂದೆ ಅವನಿದ್ದ. ಎದ್ದು ನಿಂತು "ನಮಸ್ಕಾರ ಸರ್" ಎಂದ. ಕುರ್ಚಿ ಹಾಕಿಸಿದ, ಕಾಫಿ ತರಿಸಿದ, ಕೆಲಸ ಬೇಗ ಮಾಡಿಸಿಕೊಟ್ಟ. ಕಣ್ಣಿನಲ್ಲಿ ಒಂದಿಷ್ಟೂ ಮುನಿಸಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಹೊರಡುವಾಗ ನಾನು ತಡೆಯಲಾರದೆ "ಓದುವುದು ನಡೆದಿದೆಯೇ?" ಎಂದು ಕೇಳಿದೆ. "ಇಲ್ಲ ಸರ್, ಸಮಯ ಸಿಗುವುದಿಲ್ಲ" ಎಂದು ನಕ್ಕ. ಆ ಕಂಠ ಈಗ ವಾರಂಟಿಯ ಷರತ್ತುಗಳನ್ನು ಓದಿ ಹೇಳುತ್ತಿತ್ತು.

ನಮ್ಮ ತಾಯಿ ಹಗ್ಗದ ಮಾತೆತ್ತಿದಾಗ ನನ್ನ ಕಣ್ಣ ಮುಂದೆ ನಿಂತವನು ಅವನು. ದಡ ಸೇರಿದವರೆಲ್ಲ ಹೇಳುವುದು ಒಂದೇ ಕಥೆ: ನನ್ನನ್ನು ಬಾವಿಗೆ ತಳ್ಳಿದರು, ನಾನು ಈಜಿಬಿಟ್ಟೆ. ಹಗ್ಗವನ್ನು ಮರೆಯುವುದರಿಂದ ನಮ್ಮ ಹೆಮ್ಮೆ ಒಂದು ಮೊಳ ಹೆಚ್ಚುತ್ತದೆ, ನಿಜ. ಆದರೆ ಮುಂದಿನವನ ಸೊಂಟಕ್ಕೆ ಕಟ್ಟುವ ಹಗ್ಗ ಅಷ್ಟೇ ಕಡಿಮೆಯಾಗುತ್ತದೆ.

ಹಾಗೆಂದು ಹಗ್ಗವಿದ್ದರೆ ಎಲ್ಲವೂ ಕ್ಷೇಮವೆಂದು ಹೇಳಲಾರೆ. ಮೋಟಾರು ಓಟದ ಚರಿತ್ರೆ ಹಾಗೆ ಹೇಳಲು ಬಿಡುವುದಿಲ್ಲ.

ಕೆನ್ ಟೈರೆಲ್ ಎಂಬ ಇಂಗ್ಲಿಷ್ ಮರದ ವ್ಯಾಪಾರಿಯೊಬ್ಬರಿದ್ದರು. ಮರದ ಅಂಗಳದಲ್ಲೇ ಓಟದ ತಂಡ ಕಟ್ಟಿದವರು. 1964ರಲ್ಲಿ ಅವರು ಜಾಕಿ ಸ್ಟೂವರ್ಟ್ ಎಂಬ ಸ್ಕಾಟ್ಲೆಂಡಿನ ತರುಣನನ್ನು ಗುಡ್‌ವುಡ್ ಎಂಬ ಹಾದಿಗೆ ಪರೀಕ್ಷೆಗೆ ಕರೆಸಿದರು. ಅಳತೆಗೋಲಾಗಿ ಆಗಲೇ ಹೆಸರು ಮಾಡಿದ್ದ ಬ್ರೂಸ್ ಮೆಕ್ಲಾರನ್ ಅದೇ ಕಾರನ್ನು ಓಡಿಸಿ ತೋರಿಸಿದರು. ಸ್ಟೂವರ್ಟ್ ಅವರಿಗಿಂತ ಬೇಗ ಬಂದ. ಮೆಕ್ಲಾರನ್ ಮತ್ತೆ ಹೋಗಿ ಇನ್ನೂ ಬೇಗ ಬಂದರು. ಸ್ಟೂವರ್ಟ್ ಅದನ್ನೂ ಮೀರಿಸಿದ. ಮುಂದೆ ಮೂರು ಬಾರಿ ವಿಶ್ವವಿಜೇತನಾದ. ಅದೇ ಗುಡ್‌ವುಡ್ಡಿನಲ್ಲಿ, 1970ರ ಜೂನಿನಲ್ಲಿ, ಹೊಸ ಕಾರೊಂದರ ಪರೀಕ್ಷೆ ಮಾಡುತ್ತಿದ್ದಾಗ ಬ್ರೂಸ್ ಮೆಕ್ಲಾರನ್ ತೀರಿಕೊಂಡರು. ಪರೀಕ್ಷೆಯ ಹಾದಿಯೂ ಹೂವಿನ ಹಾದಿಯಲ್ಲ.

ಆ ವರ್ಷವೇ ಟೈರೆಲ್ಲರ ತಂಡಕ್ಕೆ ಫ್ರಾನ್ಸ್ವಾ ಸೆವೆರ್ ಎಂಬ ಫ್ರೆಂಚ್ ಯುವಕ ಬಂದ. ಒಂದೇ ತಂಡದ ಇಬ್ಬರು ಚಾಲಕರು ಸಾಮಾನ್ಯವಾಗಿ ಸವತಿಯರಂತೆ. ಆದರೆ ಸ್ಟೂವರ್ಟ್ ಸೆವೆರನಿಗೆ ತನಗೆ ಗೊತ್ತಿದ್ದದ್ದನ್ನೆಲ್ಲ ಕೊಟ್ಟ: ಯಾವ ತಿರುವಿಗೆ ಯಾವ ಗೇರು, ಎಲ್ಲಿ ತಾಳ್ಮೆ, ಎಲ್ಲಿ ಧೈರ್ಯ. 1971ರಲ್ಲಿ ಸೆವೆರ್ ಅಮೆರಿಕದ ವಾಟ್ಕಿನ್ಸ್ ಗ್ಲೆನ್ ಎಂಬಲ್ಲಿ ಓಟ ಗೆದ್ದ. 1973ರಲ್ಲಿ ಮೂರು ಓಟಗಳಲ್ಲಿ ಗುರು ಮೊದಲನೆಯವನು, ಶಿಷ್ಯ ಎರಡನೆಯವನು. ಜರ್ಮನಿಯ ನ್ಯೂರ್ಬುರ್ಗ್‌ರಿಂಗಿನಲ್ಲಿ ಶಿಷ್ಯ ಬೆನ್ನಿಗಂಟಿ ಬಂದ. ಮನಸ್ಸು ಮಾಡಿದ್ದರೆ ಅವನು ತನ್ನನ್ನು ದಾಟಿಹೋಗಬಹುದಿತ್ತೆಂದು ಸ್ಟೂವರ್ಟನೇ ಒಪ್ಪಿಕೊಂಡ. ಆ ವರ್ಷದ ಕೊನೆಗೆ, ತನ್ನ ನೂರನೆಯ ಓಟದೊಂದಿಗೆ ನಿವೃತ್ತನಾಗಿ ತಂಡವನ್ನು ಸೆವೆರನ ಕೈಗೊಪ್ಪಿಸಬೇಕೆಂದು ಸ್ಟೂವರ್ಟ್ ನಿರ್ಧರಿಸಿದ್ದ. ಹೆಂಡತಿಗೂ ಹೇಳಿರಲಿಲ್ಲ, ಸೆವೆರನಿಗೂ ಹೇಳಿರಲಿಲ್ಲ.

ಆ ನೂರನೆಯ ಓಟವೂ ವಾಟ್ಕಿನ್ಸ್ ಗ್ಲೆನ್ನಿನಲ್ಲೇ. 1973ರ ಅಕ್ಟೋಬರ್ 6ರಂದು, ಸ್ಥಾನ ನಿಗದಿಯ ಅಭ್ಯಾಸದಲ್ಲಿ, ಸಾಲಾಗಿ ಬರುವ ತಿರುವುಗಳಲ್ಲಿ ಸೆವೆರನ ಕಾರು ತಡೆಬೇಲಿಗೆ ಬಡಿದು ಅವನು ಅಲ್ಲೇ ತೀರಿಕೊಂಡ. ವಯಸ್ಸು 29. ಆ ಮೇಲೆ ಸ್ಟೂವರ್ಟ್ ತನ್ನ ಕಾರಿನಲ್ಲಿ ಅದೇ ತಿರುವುಗಳಿಗೆ ಹೋಗಿಬಂದ, ಏನಾಯಿತೆಂದು ತಿಳಿಯಬೇಕೆಂದು. ಆ ಜಾಗದಲ್ಲಿ ಅವನು ಸ್ವಲ್ಪ ವೇಗ ಕಳೆದುಕೊಂಡರೂ ಚಿಂತೆಯಿಲ್ಲವೆಂದು ನಾಲ್ಕನೆ ಗೇರಿನಲ್ಲಿ ಹೋಗುತ್ತಿದ್ದ; ಸೆವೆರ್ ಮೂರನೆಯದರಲ್ಲಿ ಹೋಗಲು ಇಷ್ಟಪಡುತ್ತಿದ್ದ. ಆ ಗಿಡ್ಡ ಕಾರು ಅಲ್ಲಿ ಕುಪ್ಪಳಿಸುತ್ತದೆ, ಮೇಲಿನ ಗೇರಿನಲ್ಲಿ ಅದು ಕೊಂಚ ಶಾಂತವಾಗುತ್ತದೆ ಎಂಬುದು ಗುರುವಿನ ಅನುಭವ. ಟೈರೆಲ್ಲರ ತಂಡ ಮರುದಿನದ ಓಟದಿಂದ ಹಿಂದೆಗೆಯಿತು. ಸ್ಟೂವರ್ಟನ ಓಟಗಳು ತೊಂಬತ್ತೊಂಬತ್ತಕ್ಕೇ ನಿಂತುವು.

ಇದನ್ನೋದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಎಲ್ಲವನ್ನೂ ಕೊಟ್ಟ ಗುರು. ಎಲ್ಲವನ್ನೂ ಕಲಿತ ಶಿಷ್ಯ. ನಡುವೆ ಒಂದು ಗೇರು. ಹಗ್ಗಕ್ಕೆ ಒಂದು ಅಳತೆಯಿದೆ. ಅದಕ್ಕಿಂತಾಚೆ ಈಜುವವನು ಒಬ್ಬನೇ. ಆದರೆ ಸ್ಟೂವರ್ಟನ ದುಃಖಕ್ಕೂ ನನ್ನ ದುಃಖಕ್ಕೂ ಒಂದು ವ್ಯತ್ಯಾಸವಿದೆ. ಅವನು ಹಗ್ಗ ಹಿಡಿದು ನಿಂತಿದ್ದ; ಹಗ್ಗ ಸಾಲದೆ ಹೋಯಿತು. ನಾನು ಹಗ್ಗವನ್ನು ಗೂಟಕ್ಕೆ ನೇತುಹಾಕಿ ಚಹಾ ಕುಡಿಯುತ್ತಿದ್ದೆ.

ಆಂಟೊನೆಲ್ಲಿಯ ಮುಂದಿನ ಕಥೆಯನ್ನೂ ಹೇಳಿ ಮುಗಿಸುತ್ತೇನೆ. ಜೂನಿನಲ್ಲಿ ಕೆನಡಾದಲ್ಲಿ ಮೂರನೆಯವನಾಗಿ ಬಂದು ಕಟ್ಟೆಯ ಮೇಲೆ ನಿಂತ ಹುಡುಗ, ಎರಡು ವಾರದಲ್ಲಿ ಆಸ್ಟ್ರಿಯದ ಮೊದಲ ಸುತ್ತಿನಲ್ಲೇ ವರ್ಸ್ಟಾಪನ್ನನ ಕಾರಿಗೆ ಗುದ್ದಿ ಇಬ್ಬರ ಓಟವನ್ನೂ ಮುಗಿಸಿದ. ಜುಲೈಯಲ್ಲಿ ಬೆಲ್ಜಿಯಮ್ಮಿನಲ್ಲಿ ಸ್ಥಾನ ನಿಗದಿಯ ಮೊದಲನೆಯ ಹಂತದಲ್ಲೇ ಹೊರಬಿದ್ದ. ಇದರ ನಡುವೆ ಶಾಲೆಯ ಕೊನೆಯ ಪರೀಕ್ಷೆ ಬೇರೆ ಬರೆದು ಪಾಸಾದ! ಪತ್ರಿಕೆಗಳು ಅವಸರವಾಯಿತೆಂದು ಬರೆದುವು. ತಂಡ ಅವನನ್ನು ಎಳೆದು ದಡಕ್ಕೆ ಹಾಕಲಿಲ್ಲ, ಬಿಟ್ಟೂ ಬಿಡಲಿಲ್ಲ. ನವೆಂಬರಿನಲ್ಲಿ ಬ್ರೆಜಿಲಿನಲ್ಲಿ ಅವನು ಎರಡನೆಯವನಾಗಿ ಬಂದ. ಆ ರಾತ್ರಿ ನಮ್ಮ ತಾಯಿ ಕೂಡ ಎದ್ದು ಕೂತಿದ್ದರು. "ಇವನ ಹಗ್ಗ ಹಿಡಿದವನು ಯಾರೋ, ಅವನ ಅಂಗೈ ತೋರಿಸಬಾರದೇ ಟೀವಿಯಲ್ಲಿ?" ಎಂದರು.

ಈ ವರ್ಷ ನಮ್ಮ ವಿಭಾಗಕ್ಕೆ ಒಬ್ಬಳು ಹೊಸ ಹುಡುಗಿ ಬಂದಿದ್ದಾಳೆ. ಊಟವಾದ ಮೇಲಿನ ಆ ನೂರಿಪ್ಪತ್ತು ಮಂದಿಯ ತರಗತಿಯನ್ನು ನಾನು ತೆಗೆದುಕೊಂಡು, ಬೆಳಗಿನ ನಲವತ್ತು ಮಂದಿಯದನ್ನು ಅವಳಿಗೆ ಕೊಟ್ಟೆವು. ಮೊದಲ ವಾರ ಅವಳು ನನ್ನ ತರಗತಿಯಲ್ಲಿ ಹಿಂದೆ ಕೂತಳು. ಎರಡನೆಯ ವಾರ ನಾನು ಅವಳ ತರಗತಿಯಲ್ಲಿ ಕೂತೆ. ಪಾಠ ಮುಗಿದ ಮೇಲೆ ಒಂದೇ ಒಂದು ಮಾತು ಹೇಳಬೇಕೆಂದು ನಿಯಮ ಮಾಡಿಕೊಂಡಿದ್ದೇನೆ. ಮೇಷ್ಟರಾದವರಿಗೆ ಅದು ಎಷ್ಟು ಕಷ್ಟವೆಂದು ಬಲ್ಲವರೇ ಬಲ್ಲರು. ಮೊನ್ನೆ ಅವಳು, "ಸರ್, ನಾಳೆಯಿಂದ ನೀವು ಬರದಿದ್ದರೂ ಪರವಾಗಿಲ್ಲ" ಎಂದು ಸಂಕೋಚದಿಂದ ಹೇಳಿದಳು.

ಸಂಜೆ ಊರಿಗೆ ಫೋನು ಮಾಡಿದೆ. ಸೋದರಮಾವನಿಗೆ ಈಗ ವಯಸ್ಸಾಗಿದೆ, ಕಿವಿ ಮಂದ. "ಮಾವ, ನಿಮ್ಮ ಅಂಗೈ ಬೊಬ್ಬೆ ವಾಸಿಯಾಯಿತೇ?" ಎಂದು ಕೂಗಿ ಕೇಳಿದೆ. ನಲವತ್ತು ವರ್ಷ ತಡವಾಗಿ ಬಂದ ಪ್ರಶ್ನೆ ಅವರಿಗೆ ಅರ್ಥವಾಗಲಿಲ್ಲ. "ಯಾವ ಬೊಬ್ಬೆಯೋ?" ಎಂದರು.